ಕಲ್ಲಿನ ಮಾತನ್ನು ಕಾಪಾಡಿದವರು

ಇತಿಹಾಸವೆಂದರೆ ಯುದ್ಧ, ಸಿಂಹಾಸನ, ಸೋಲು-ಗೆಲುವು ಎಂದೇ ನಾವು ಓದುತ್ತಾ ಬಂದಿದ್ದೇವೆ. ಆ ಇತಿಹಾಸಕ್ಕೆ ಆಧಾರ ಒದಗಿಸಲು ವರ್ಷಗಟ್ಟಲೆ ಶಾಸನಗಳ ಮುಂದೆ ಕುಳಿತವರ ನೆನಪು ನಮಗಿಲ್ಲ. ಗುಲಾಂ ಯಜ್ದಾನಿ ಅಂಥವರಲ್ಲೊಬ್ಬರು.

1907-08ರಲ್ಲಿ 'ಎಪಿಗ್ರಾಫಿಯಾ ಇಂಡೋ-ಮೊಸ್ಲೆಮಿಕಾ' ಎಂಬ ಮಾಲೆ ಆರಂಭವಾಯಿತು. ಈ ದೇಶದ ಅರಬ್ಬಿ, ಫಾರಸಿ ಶಾಸನಗಳನ್ನು ಓದಿ ಪ್ರಕಟಿಸುವುದಷ್ಟೇ ಅದರ ಕೆಲಸ. ಮೊದಲ ಸಂಪಾದಕರು ಡೆನಿಸನ್ ರಾಸ್. ಅವರ ಬಳಿಕ ಬಂದವರು ಅಲಿಗಢದಲ್ಲಿ ಅರಬ್ಬಿ ಕಲಿಸುತ್ತಿದ್ದ ಜರ್ಮನ್ ವಿದ್ವಾಂಸ ಹೊರೊವಿಟ್ಜ್. 1914ರಲ್ಲಿ ಮಹಾಯುದ್ಧ ಶುರುವಾದಾಗ ಅವರ ಇಲ್ಲಿನ ಕೆಲಸ ಕೊನೆಗೊಂಡಿತು. ಮಾಲೆಯೂ ಅಲ್ಲಿಗೇ ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಹೈದರಾಬಾದ್ ಸಂಸ್ಥಾನದ ಪುರಾತತ್ವ ಇಲಾಖೆಯ ಹೊಣೆ, ಅಜಂತಾದ ರಕ್ಷಣೆ ಇವುಗಳ ನಡುವೆಯೇ ಯಜ್ದಾನಿ ಅದನ್ನು 1939-40ರ ಸಂಚಿಕೆಯವರೆಗೆ ನಡೆಸಿದರು.

ಕೆಲಸ ಸುಲಭದ್ದಲ್ಲ. ಒದ್ದೆ ಕಾಗದವನ್ನು ಕಲ್ಲಿಗೆ ಒತ್ತಿ, ಮಸಿ ಹಚ್ಚಿ ಅಚ್ಚು ತೆಗೆಯಬೇಕು. ಕನ್ನಡ ಶಾಸನಗಳಲ್ಲಿ ಅಕ್ಷರ ಸಾಮಾನ್ಯವಾಗಿ ಕೊರೆದದ್ದು. ಫಾರಸಿ ಶಾಸನಗಳಲ್ಲಿ ಹೆಚ್ಚಾಗಿ ಉಬ್ಬಿದ್ದು. ಒಂದರ ಮೇಲೊಂದು ಹೆಣೆದುಕೊಂಡ ಆ ಅಕ್ಷರಗಳನ್ನು ಬಿಡಿಸಿ ಓದಬೇಕು. ಕೆಲವೆಡೆ ಇಸವಿಯನ್ನು ಅಂಕಿಯಲ್ಲಿ ಬರೆದಿರುವುದಿಲ್ಲ. ಪದ್ಯದ ಅಕ್ಷರಗಳ ಬೆಲೆ ಕೂಡಿಸಿದರೆ ಹಿಜರಿ ವರ್ಷ ಸಿಗುತ್ತದೆ.

ಈ ಶ್ರಮದ ಫಲ ನಮ್ಮ ನಾಡಿಗೂ ದಕ್ಕಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಬೀದರಿನ ಕೋಟೆ, ಮದ್ರಸ, ಗೋರಿಗಳ ಕುರಿತು ಯಜ್ದಾನಿ ಬರೆದ ಗ್ರಂಥ 1947ರಲ್ಲಿ ಹೊರಬಂತು. ಬಿಜಾಪುರದ ಶಾಸನಗಳನ್ನು ಎಂ. ನಾಜಿಂ 1936ರಲ್ಲೇ ಪ್ರಕಟಿಸಿದ್ದರು. ಸ್ವಾತಂತ್ರ್ಯದ ನಂತರ ಮಾಲೆ ಹೆಸರು ಬದಲಿಸಿಕೊಂಡು 'ಎಪಿಗ್ರಾಫಿಯಾ ಇಂಡಿಕಾ'ದ ಅರಬ್ಬಿ-ಫಾರಸಿ ಪುರವಣಿಯಾಯಿತು. ಜಿಯಾವುದ್ದೀನ್ ದೇಸಾಯಿ ಅದನ್ನು ದೀರ್ಘಕಾಲ ಸಂಪಾದಿಸಿದರು. ಓದುಗರು ಎಂದೂ ಹೆಚ್ಚಿರಲಿಲ್ಲ. ಆದರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಸಾಗಿತು.

ಇಂದು ಯಾವ ಕಟ್ಟಡವನ್ನು ಯಾರು ಕಟ್ಟಿದರೆಂದು ಬೀದಿಯಲ್ಲಿ ಜಗಳವಾಡುತ್ತೇವೆ. ಗೋಡೆಯ ಮೇಲಿನ ಸಾಲನ್ನು ಓದಬಲ್ಲವರು ಮಾತ್ರ ಕಡಿಮೆಯಾಗುತ್ತಿದ್ದಾರೆ. ಇದಕ್ಕೆ ಬೇರೆಯವರನ್ನಷ್ಟೇ ದೂರಿದರೆ ಸಾಲದು. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಮಸೀದಿಯ ಶಾಸನಕ್ಕೆ ಎಣ್ಣೆಬಣ್ಣ ಬಳಿಯುವವರು ನಮ್ಮವರೇ. ಅರಬ್ಬಿ ಬಲ್ಲ ಯುವಕರು ನಮ್ಮ ಮದ್ರಸಗಳಲ್ಲಿದ್ದಾರೆ. ತಮ್ಮೂರಿನ ಒಂದೊಂದು ಕಲ್ಲನ್ನಾದರೂ ಅವರು ಓದಿ ಕನ್ನಡದಲ್ಲಿ ಬರೆದಿಡಲಿ. ಕಲ್ಲು ಒಡೆದುಹೋದೀತು, ಓದಿ ಅಚ್ಚು ಹಾಕಿಸಿದ ಮಾತು ಮುಂದಿನವರಿಗೆ ಉಳಿದೀತು.