ಗಾಡಿ ಬಂದ್ರ ಇಳೀಬೇಕು

ಗಣೇಶನ ಹಬ್ಬಕ್ಕೆ ಎರಡು ದಿನ ಮೊದಲು ಬೆಂಗಳೂರಿನಿಂದ ಊರಿಗೆ ಹೊರಟಿದ್ದೆ. ರಾತ್ರಿಯೆಲ್ಲ ಕಾರು ಓಡಿಸಿ, ಬೆಳಿಗ್ಗೆ ಒಂಬತ್ತರ ಸುಮಾರಿಗೆ ಹೆದ್ದಾರಿ ಬಿಟ್ಟು ಮುದ್ದೇಬಿಹಾಳದ ರಸ್ತೆ ಹಿಡಿದೆ. ಹಿಂದಿನ ರಾತ್ರಿ ಮಳೆ ಹೊಡೆದಿತ್ತು. ಮುಂದೆ ಒಬ್ಬ ಹುಡುಗ ಸಾಲಿಗೆ ಸೈಕಲ್ ತುಳಿಯುತ್ತ ಹೋಗ್ತಿದ್ದ. ಎದುರಿಗೆ ಟಿಪ್ಪರ್ ಬರ್ತಿತ್ತು. ನಾನು ಬ್ರೇಕ್ ಒತ್ತಬಹುದಿತ್ತು, ಹಾರ್ನ್ ಒತ್ತಿದೆ. ಹುಡುಗ ತಿರುಗಿ ಕೂಡ ನೋಡಲಿಲ್ಲ. ಡಾಂಬರು ಬಿಟ್ಟು ಎರಿ ಮಣ್ಣಿಗೆ ಇಳಿದ. ಎರಡು ಮಾರು ಹೋಗುವಷ್ಟರಲ್ಲಿ ಗಾಲಿ ಸಿಕ್ಕಿಕೊಂಡು ಬಿದ್ದ.

ಗಾಡಿ ನಿಲ್ಲಿಸಿ ಓಡಿದೆ. ಅವನು ಆಗಲೇ ಎದ್ದು ಕಡ್ಡಿ ತಗೊಂಡು ಮಡಗಾರ್ಡಿನೊಳಗಿನ ಕೆಸರು ಕೆರೀತಿದ್ದ. ಅಡ್ಡ ದಂಡಿ ಇಲ್ಲದ ಹಳೇ ಸೈಕಲ್, ಅಕ್ಕನದಂತೆ. "ಏನೂ ಆಗಿಲ್ರಿ ಅಣ್ಣಾರ, ನೀವ್ ನಡೀರಿ. ಗಾಡಿ ಬಂದ್ರ ನಾವ್ ಇಳೀಬೇಕಲ್ರೀ" ಅಂದ.

ಇದೇ ಮಾತನ್ನ ನಮ್ಮಪ್ಪ ನನಗೆ ಹೇಳಿದ್ದ, ನಾನು ಹೈಸ್ಕೂಲಿಗೆ ಸೈಕಲ್ ಹೊಡೆಯೋಕೆ ಶುರು ಮಾಡಿದಾಗ. "ಹಿಂದ ಹಾರ್ನ್ ಕೇಳಿದ್ರ ಯಾವ ಗಾಡಿ ಅಂತ ನೋಡಬ್ಯಾಡ, ಇಳಿ." ಇಪ್ಪತ್ತು ವರ್ಷ ಕಳೆದರೂ ಮಾತು ಬದಲಾಗಿಲ್ಲ, ಹಾರ್ನ್ ಹೊಡೆಯುವವನು ಮಾತ್ರ ಬದಲಾಗಿದ್ದಾನೆ. ಈಗ ಅವನು ನಾನೇ. ಹಾಗಾದ್ರೆ ಈ "ಇಳೀಬೇಕು" ಅನ್ನೋ ನಿಯಮ ಎಲ್ಲಿಂದ ಬಂತು?

ನಮ್ಮ ಜಿಲ್ಲೆಯ ರೈಲು ಹಳಿ ಮೇಲೆ ಎರಡು ವಿಚಿತ್ರ ಹೆಸರಿನ ಸ್ಟೇಷನ್ನುಗಳಿವೆ. ಒಂದು ಇಂಡಿ ರೋಡ್, ಇನ್ನೊಂದು ಬಸವನ ಬಾಗೇವಾಡಿ ರೋಡ್. ಬ್ರಿಟಿಷರ ಕಾಲದ ಭಾಷೆಯಲ್ಲಿ ಸ್ಟೇಷನ್ ಹೆಸರಿನ ಹಿಂದೆ "ರೋಡ್" ಇದ್ದರೆ, ಊರು ಇಲ್ಲಿಲ್ಲ, ಊರಿಗೆ ಹೋಗುವ ದಾರಿ ಮಾತ್ರ ಇದೆ ಅಂತ ಅರ್ಥ. 1876-78ರ ಭೀಕರ ಬರದ ನಂತರ, 1884ರಲ್ಲಿ ಹೋಟಗಿ–ಗದಗ ರೈಲು ಮಾರ್ಗ ಬಂತು. ಹಳಿ ಇಂಡಿಯನ್ನೂ ಮುಟ್ಟಲಿಲ್ಲ, ಬಾಗೇವಾಡಿಯನ್ನೂ ಮುಟ್ಟಲಿಲ್ಲ. ಸಿಂದಗಿ, ಮುದ್ದೇಬಿಹಾಳಕ್ಕಂತೂ ಆ ಹೆಸರಿನ ಭಾಗ್ಯವೂ ಸಿಗಲಿಲ್ಲ. ಹೀಗಾಗಿ ಈ ನಾಲ್ಕು ಊರಿನ ಬದುಕೆಲ್ಲ ರಸ್ತೆ ಮೇಲೆಯೇ ನಡೀಬೇಕಾಯ್ತು. ಮೊದಲು ಚಕ್ಕಡಿ, ಆಮೇಲೆ ಸೈಕಲ್ಲು.

ಸೈಕಲ್ಲಿಗೂ ಒಂದು ಮರ್ಯಾದೆಯ ಕಾಲ ಇತ್ತು. ಮುನಸಿಪಾಲ್ಟಿಗೆ ಸೈಕಲ್ ತೆರಿಗೆ ಕಟ್ಟಿ ಲೋಹದ ಬಿಲ್ಲೆ ತಗೊಂಡು ಸಿಕ್ಕಿಸಬೇಕಿತ್ತು. ಕತ್ತಲಾದ ಮೇಲೆ ದೀಪ ಇರಬೇಕು, ಡಬಲ್ ಸವಾರಿ ಮಾಡಿದ್ರೆ ಪೊಲೀಸರು ಹಿಡೀತಿದ್ರು. ಹಿರಿಯರು ಇದನ್ನ ನಗ್ತಾ ಹೇಳ್ತಾರೆ. ಆದರೆ ಗಮನಿಸಿ: ತೆರಿಗೆ ಹಾಕಿದರು, ದಂಡ ಹಾಕಿದರು ಅಂದ್ರೆ ಅದನ್ನ ವಾಹನ ಅಂತ ಒಪ್ಪಿದ್ದರು ಅಂತಲೇ. ಬ್ರಿಟನ್ನಿನಲ್ಲಿ 1888ರ ಕಾನೂನು ಸೈಕಲ್ಲನ್ನು "ಗಾಡಿ" ಎಂದು ಒಪ್ಪಿ ರಸ್ತೆಯ ಹಕ್ಕು ಕೊಟ್ಟಿತು. ಅಲ್ಲಿ ನುಣುಪಾದ ರಸ್ತೆಗಾಗಿ ಮೊದಲು ಗಲಾಟೆ ಮಾಡಿದವರೂ ಕಾರಿನವರಲ್ಲ, 1886ರಲ್ಲಿ ಸಂಘ ಕಟ್ಟಿಕೊಂಡ ಸೈಕಲ್ಲಿನವರು. ಆಗ ಇನ್ನೂ ಎಂಜಿನ್ ಗಾಡಿ ಮುಂದೆ ಒಬ್ಬ ಮನುಷ್ಯ ನಡೆಯಬೇಕು ಅನ್ನೋ ಕಾನೂನಿತ್ತು. ಆ ಕಾನೂನು ಹೋಗಿದ್ದು 1896ರಲ್ಲಿ. ಅಲ್ಲಿಂದ ಮುಂದೆ ಇಳಿಯುವ ಸರದಿ ಉಳಿದವರದು.

ನಮ್ಮ ದೇಶದಲ್ಲಿ ಸೈಕಲ್ ಪಥ ಹೇಗಿರಬೇಕು ಅಂತ ಯಾರೂ ಯೋಚಿಸಿಯೇ ಇಲ್ಲ ಅಂದ್ಕೋಬೇಡಿ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1962ರಲ್ಲೇ ಇದಕ್ಕೊಂದು ಮಾರ್ಗಸೂಚಿ ಬರೆಯಿತು. ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 400 ಸೈಕಲ್ ಓಡಾಡುತ್ತಿದ್ದು, ಜೊತೆಗೆ 100ರಿಂದ 200 ಮೋಟಾರು ಗಾಡಿಗಳೂ ಇದ್ದರೆ ಪ್ರತ್ಯೇಕ ಪಥ ಕೊಡಬಹುದು ಅಂತ ಅದರ ಲೆಕ್ಕ. ನಗರಕ್ಕೆ ಸರಿಯಾದ ಲೆಕ್ಕವೇ. ಆದರೆ ನಮ್ಮೂರಿಂದ ಹೈಸ್ಕೂಲಿಗೆ ಹೊರಡುವ ಮೂವತ್ತು ಮಕ್ಕಳು ಯಾವ ಜನ್ಮಕ್ಕೂ 400 ಆಗಲ್ಲ. ಸಾಫ್ಟ್‌ವೇರಿನವರಿಗೆ ಈ ರೋಗ ಗೊತ್ತು: ಕಂಡೀಷನ್ ಬರೆದ ರೀತಿಯಲ್ಲೇ ಕೆಲವರು ಎಂದೂ ಅದರೊಳಗೆ ಬರೋದಿಲ್ಲ.

ಇನ್ನು ನಿಜವಾದ ಲೆಕ್ಕ ನೋಡೋಣ. ಒಂಟಿ ಪಥದ ರಸ್ತೆಯ ಡಾಂಬರು 3.75 ಮೀಟರ್ ಅಗಲ. ಬಸ್ಸು ಅಥವಾ ಲಾರಿ ಸುಮಾರು ಎರಡೂವರೆ ಮೀಟರ್. ಉಳಿದದ್ದು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಸೈಕಲ್ ತುಳಿಯೋಕೇ ಹೆಚ್ಚುಕಡಿಮೆ ಅಷ್ಟು ಬೇಕು. ನಡುವೆ ಬಿಡೋಕೆ ಜಾಗವೇ ಇಲ್ಲ. ಎದುರಿಂದ ಇನ್ನೊಂದು ಗಾಡಿ ಬಂದರಂತೂ ಮುಗೀತು. ಡಾಂಬರಿನ ಪಕ್ಕದಲ್ಲಿ ಇರೋದು ಎರಿ ಮಣ್ಣು. ಬೇಸಿಗೆಯಲ್ಲಿ ಬಿರುಕು, ಮಳೆಗಾಲದಲ್ಲಿ ಅಂಟು. ಡಾಂಬರಿನ ಅಂಚು ಗೇಣುದ್ದ ಕಿತ್ತು ನಿಂತಿರುತ್ತೆ. ಕಾರಿನೊಳಗೆ ಕೂತವನಿಗೆ "ಸ್ವಲ್ಪ ಇಳಿದರೆ ಇವನ ಗಂಟೇನು ಹೋಗುತ್ತೆ" ಅನ್ಸುತ್ತೆ. ಸೈಕಲ್ಲಿನವನಿಗೆ ಇಳಿಯೋದು ಅಂದ್ರೆ ಬೀಳೋದು.

2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡ್ತು. ನನ್ನ ತಂಗಿಗೂ ಸಿಕ್ತು. ನಮ್ಮ ಮನೆತನದಲ್ಲಿ ಸೈಕಲ್ ಹೊಡೆದ ಮೊದಲ ಹೆಣ್ಣುಮಗಳು ಅವಳು. ಆ ಸೈಕಲ್ ಇಲ್ಲದಿದ್ದರೆ ಅವಳ ಓದು ಏಳನೇತ್ತಕ್ಕೆ ನಿಲ್ತಿತ್ತು, ಅನುಮಾನವೇ ಇಲ್ಲ. ಕೆಲವೇ ವರ್ಷಗಳಲ್ಲಿ ವಿಜಯಪುರ–ಹುನಗುಂದ ನಡುವಿನ ಸುಮಾರು 97 ಕಿ.ಮೀ. ಹೆದ್ದಾರಿ ಬಾಗೇವಾಡಿ ಸೀಮೆ ಹಾಯ್ದು ನಾಲ್ಕು ಪಥ ಆಯ್ತು. ಒಂದು ಇಲಾಖೆ ಮಕ್ಕಳನ್ನ ಸೈಕಲ್ ಮೇಲೆ ಕೂರಿಸಿತು, ಇನ್ನೊಂದು ಇಲಾಖೆ ಗಾಡಿಗಳ ವೇಗ ಹೆಚ್ಚಿಸಿತು. ಹಳ್ಳಿ ರಸ್ತೆಗಳ ಅಂಚು ಇದ್ದಲ್ಲೇ ಉಳೀತು. ಕೋವಿಡ್ ಬಂದಾಗ ಸೈಕಲ್ ವಿತರಣೆಯೂ ನಿಂತಿತು. ಆವತ್ತಿನ ಹುಡುಗ ಅಕ್ಕನ ಸೈಕಲ್ ಹೊಡೆಯುತ್ತಿದ್ದದ್ದು ಅದಕ್ಕೇ.

ಇದರಲ್ಲಿ ಡ್ರೈವರುಗಳನ್ನ ರಾಕ್ಷಸರು ಮಾಡೋದು ಸುಲಭ. ನನಗೆ ಅದು ಒಪ್ಪಿಗೆಯಿಲ್ಲ. ಬಸ್ಸಿನವನಿಗೆ ಟೈಮಿನ ಒತ್ತಡ. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನವನಿಗೆ ಒಮ್ಮೆಲೇ ಬ್ರೇಕ್ ಹಾಕಿದರೆ ಹಿಂದಿನದು ಮಗುಚುವ ಭಯ. ನಮ್ಮ ಓಣಿಯ ಕಾಕಾ ಒಬ್ಬರು ಮುಸ್ಸಂಜೆ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವಾಗ ಯಾವುದೋ ಗಾಡಿ ಬಡಿದು ಹೋಯಿತು. ಕಾಕಾ ಉಳಿಯಲಿಲ್ಲ. ಗಾಡಿ ಯಾವುದು ಅಂತ ಕೊನೆಗೂ ಗೊತ್ತಾಗಲಿಲ್ಲ. ಮಣ್ಣಿಗೆ ಬಂದ ಮಂದಿ ಆಡಿದ್ದು ಒಂದೇ ಮಾತು: "ಸೈಕಲ್‌ಗೆ ಲೈಟ್ ಇರ್ಲಿಲ್ಲಂತ." ಗುರುತು ಸಿಗದ ಗಾಡಿ ಗುದ್ದಿ ಸತ್ತವರಿಗೆ 1988ರ ಮೋಟಾರು ವಾಹನ ಕಾಯ್ದೆ ಮೊದಲು ಇಟ್ಟಿದ್ದ ಪರಿಹಾರ 8,500 ರೂಪಾಯಿ, 1994ರಲ್ಲಿ 25,000 ಆಯ್ತು. ಅದು ಎರಡು ಲಕ್ಷ ಆಗಿದ್ದು 2022ರ ಏಪ್ರಿಲ್‌ನಲ್ಲಿ. ಕಾಕೂಗೆ ಇಂಥದ್ದೊಂದು ಪರಿಹಾರ ಇದೆ ಅಂತ ಹೇಳುವವರೂ ನಮ್ಮೂರಲ್ಲಿ ಇರಲಿಲ್ಲ. ಬಿಇ ಓದುತ್ತಿದ್ದ ನನಗೂ ಗೊತ್ತಿರಲಿಲ್ಲ.

2022ರ ಜನವರಿಯಲ್ಲಿ ಬ್ರಿಟನ್ ತನ್ನ ರಸ್ತೆ ನಿಯಮ ಬದಲಿಸಿತು. ಹೆಚ್ಚು ಹಾನಿ ಮಾಡಬಲ್ಲ ಗಾಡಿಯವನಿಗೆ ಹೆಚ್ಚು ಹೊಣೆ, ಸೈಕಲ್ ದಾಟುವಾಗ ಕನಿಷ್ಠ ಒಂದೂವರೆ ಮೀಟರ್ ಅಂತರ. ನಮ್ಮ ರಸ್ತೆಯಲ್ಲಿ ಒಂದೂವರೆ ಮೀಟರ್ ಎಲ್ಲಿಂದ ತರೋದು? ಬೆಂಗಳೂರಿನ ಹೊರ ವರ್ತುಲ ರಸ್ತೆಯಲ್ಲಿ 2020ರಲ್ಲಿ ಹಾಕಿದ ಸೈಕಲ್ ಪಥದಲ್ಲೇ ಬೈಕುಗಳು ನುಗ್ಗಿದ್ದನ್ನ ನೀವೂ ನೋಡಿರ್ತೀರಿ. ಹಳ್ಳಿಗೆ ಬಣ್ಣದ ಪಥ ಬೇಡ. ಮಕ್ಕಳು ಸಾಲಿಗೆ ಹೋಗುವ ರಸ್ತೆಗಳಲ್ಲಿ ಡಾಂಬರಿನ ಎರಡೂ ಬದಿಗೆ ಒಂದೊಂದು ಮೀಟರ್ ಗರಸು ಹಾಕಿ ರೋಲರ್ ಹೊಡೆದರೆ ಸಾಕು. ಆಗ ಇಳಿದರೂ ಬೀಳಲ್ಲ. ಅಷ್ಟು ಆಗುವತನಕ ಬ್ರೇಕ್ ಇರೋದು ನಮ್ಮ ಕಾಲಡಿಗೇ.

ಆವತ್ತು ಆ ಹುಡುಗನ ಸೈಕಲ್ಲನ್ನ ಎತ್ತಿ ಡಾಂಬರಿನ ಮೇಲೆ ನಿಲ್ಲಿಸಿದೆ. ಅವನು ಹತ್ತಿ ಹೊರಟ. ನಾನು ಸ್ವಲ್ಪ ದೂರ ಬಿಟ್ಟು, ಎರಡನೇ ಗೇರಿನಲ್ಲಿ, ಸಾಲಿ ಬರುವವರೆಗೂ ಅವನ ಹಿಂದೆಯೇ ಹೋದೆ. ಹಿಂದಿನಿಂದ ಒಂದು ಜೀಪು ಹಾರ್ನ್ ಮೇಲೆ ಹಾರ್ನ್ ಹೊಡೀತಿತ್ತು. ನಾನು ಇಳಿಯಲಿಲ್ಲ. ಆದರೆ ಮುಂದಿದ್ದ ಹುಡುಗ ಆ ಹಾರ್ನ್ ಕೇಳಿ ಮತ್ತೆ ಕೆಸರಿಗೆ ಇಳಿದುಬಿಟ್ಟ.