ಅಟ್ಟದ ಮಣ್ಣು

ಸಕಲೇಶಪುರ, ಆಲೂರು ಕಡೆ ಹಳೆಯ ಮನೆಯೊಂದನ್ನು ಉಳಿಸಿಕೊಳ್ಳಲು ಹೊರಟವರು ಮೊದಲು ಕೈ ಹಾಕುವುದು ಅಟ್ಟಕ್ಕೆ. ಕತ್ತಲು, ಧೂಳು, ಇಲಿಯ ಕಾಟ. ಹಲಗೆಯ ಮೇಲೆ ಮೂರು ನಾಲ್ಕು ಅಂಗುಲ ಮಣ್ಣು. ಆ ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹಿತ್ತಿಲಿಗೆ ಸುರಿದು, ಹೆಂಚಿನಡಿಗೆ ಶೀಟು ಹೊಡೆಸಿ ಕೋಣೆ ಮಾಡಿಬಿಡುತ್ತಾರೆ. ಮಳೆಗಾಲ ಹಿಡಿದಾಗ ಕೆಳಗಿನ ನಡುಮನೆಯೂ ಕೊರೆಯತೊಡಗುತ್ತದೆ. ಆ ಮಣ್ಣು ಕಸವಲ್ಲ, ಮನೆಯ ಹೊದಿಕೆ. ಹೆಂಚು ಬಂದ ಮೇಲೆ ಅದರ ಹೊಣೆ ತಗ್ಗಿಲ್ಲ, ಹೆಚ್ಚಿದೆ ಎಂಬುದು ನನ್ನ ವಾದ.

ಮಂಜರಾಬಾದ್ ಎನಿಸಿಕೊಂಡಿದ್ದ ಈ ಸೀಮೆಯಲ್ಲಿ ಹಿಂದೆ ಹೆಚ್ಚಿನ ಮನೆಗಳದ್ದು ಹುಲ್ಲಿನ ಮಾಡು. ದಪ್ಪಗೆ ಹೊದಿಸಿದ ಹುಲ್ಲು ತಾನೇ ಚಳಿಯನ್ನು ತಡೆಯುತ್ತದೆ. ಅದರ ಭಯವೆಲ್ಲ ಬೆಂಕಿಯದು. ಮಾಡಿಗೆ ಕಿಡಿ ತಗುಲಿದರೆ ಜನ, ದವಸ ಹೊರಗೆ ಸಾಗುವಷ್ಟು ಹೊತ್ತು ಉರಿಯನ್ನು ಮೇಲೆಯೇ ತಡೆದು ನಿಲ್ಲಿಸುವ ಶಕ್ತಿ ಅಟ್ಟದ ಮಣ್ಣಿಗಿತ್ತು. ಒಲೆಯ ಹೊಗೆ ಅಟ್ಟಕ್ಕೇರಿ ಅಲ್ಲಿಟ್ಟ ಏಲಕ್ಕಿ, ಬಿತ್ತನೆ ಬೀಜಗಳನ್ನು ಬೆಚ್ಚಗಿಡುತ್ತಿತ್ತು, ತೊಲೆ ಜಂತಿಗಳಿಗೆ ಹುಳು ಹತ್ತದಂತೆ ನೋಡಿಕೊಳ್ಳುತ್ತಿತ್ತು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಅಷ್ಟರಲ್ಲಿ ಇಲ್ಲಿ ಕಾಫಿ ಬೇರೂರಿತ್ತು. ಕಾಫಿಯ ಹಣ ಕಂಡ ಮನೆಗಳು ಒಂದೊಂದಾಗಿ ಹುಲ್ಲು ಇಳಿಸಿ ಹೆಂಚು ಏರಿಸಿದವು. ಹಾಸನ–ಮಂಗಳೂರು ರೈಲುಮಾರ್ಗ ಪೂರ್ತಿಯಾದದ್ದು 1979ರಲ್ಲಿ. ಎಂದರೆ ನೂರು ವರ್ಷಕ್ಕೂ ಮೇಲ್ಪಟ್ಟು, ಒಂದೊಂದೂ ಎರಡು ಕೆಜಿ ಮೀರಿ ತೂಗುವ ಈ ಹೆಂಚು ರಸ್ತೆಯಲ್ಲೇ ಘಟ್ಟ ಹತ್ತಬೇಕಿತ್ತು. ಅಷ್ಟು ಕಷ್ಟಪಟ್ಟು ತಂದ ಹೆಂಚು ಬೆಂಕಿಯ ಭಯ ನೀಗಿತು, ವರ್ಷವರ್ಷ ಹುಲ್ಲು ಹೊದಿಸುವ ಪಾಡು ತಪ್ಪಿಸಿತು. ಆದರೆ ಅದು ತೆಳು. ಸಂದಿಯಲ್ಲಿ ಗಾಳಿ ನುಗ್ಗುತ್ತದೆ. ಹುಲ್ಲು ಮಾಡುತ್ತಿದ್ದ ಬೆಚ್ಚಗಿಡುವ ಕೆಲಸ ಆಗ ಸದ್ದಿಲ್ಲದೆ ಅಟ್ಟದ ಪಾಲಿಗೆ ಬಂತು.

ಮಣ್ಣೇನು ಥರ್ಮೋಕೋಲೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಶಾಖ ತಡೆಯುವುದರಲ್ಲಿ ಮಣ್ಣು ಅದಕ್ಕೆ ಸಾಟಿಯಲ್ಲ. ಮಣ್ಣಿನ ಗುಣ ಬೇರೆ: ಹಲಗೆಯ ಸಂದುಗಳನ್ನು ಮುಚ್ಚಿ ಗಾಳಿ ನಿಲ್ಲಿಸುತ್ತದೆ, ಒಲೆಯ ಕಾವನ್ನು ಹೀರಿಟ್ಟುಕೊಂಡು ರಾತ್ರಿ ಮೆಲ್ಲನೆ ಬಿಡುತ್ತದೆ. ಅಡುಗೆಮನೆಗೆ ಗ್ಯಾಸ್ ಬಂದ ಮೇಲೆ ಆ ಕಾವು ಕಡಿಮೆಯಾಗಿದೆ, ನಿಜ. ಹಾಗಾದರೆ ಕೊರತೆಯನ್ನು ಮಣ್ಣಿನ ಮೇಲೆ ಹಗುರವಾದ ಇನ್ನೊಂದು ಪದರ ಹಾಸಿ ತುಂಬಬೇಕು, ಮಣ್ಣನ್ನು ಹೊರಹಾಕಿ ಅಲ್ಲ. ಖರ್ಚಿನ ಲೆಕ್ಕವೂ ಇದನ್ನೇ ಹೇಳುತ್ತದೆ: ಇಳಿಜಾರು ಮಾಡಿಗಿಂತ ಅಟ್ಟದ ನೆಲದ ವಿಸ್ತಾರ ಯಾವಾಗಲೂ ಕಡಿಮೆ. ಹೆಂಚಿಗೆ ಅಂಟಿಸಿ ಶೀಟು ಹೊಡೆದರೆ ಇನ್ನೊಂದು ಕೇಡಿದೆ. ಹೆಂಚು ನೀರು ಹೀರುವ ವಸ್ತು, ಅಡಿಯಿಂದ ಗಾಳಿಯಾಡಿದರೆ ತಾನೇ ಆರುತ್ತದೆ. ಗಾಳಿ ಕಟ್ಟಿದರೆ ಮೊದಲು ಕೊಳೆಯುವುದು ರೀಪು.

ತೂಕದ ಮಾತು ಮಾತ್ರ ತಳ್ಳಿಹಾಕುವಂಥದ್ದಲ್ಲ. ಮೂರು ಅಂಗುಲ ಮಣ್ಣು ಚದರ ಮೀಟರಿಗೆ ನೂರು ಕೆಜಿ ಮೀರುತ್ತದೆ. ಗೆದ್ದಲು ತಿಂದ ತೊಲೆ ಅದನ್ನು ಹೊರಲಾರದು. ಅಂಥ ಅಂಕಣದಲ್ಲಿ ಮಣ್ಣು ಇಳಿಸಿ, ತೊಲೆ ಬದಲಿಸಿ, ಅದೇ ಮಣ್ಣನ್ನು ಕಲಸಿ ಮತ್ತೆ ಮೆತ್ತಬಹುದು. ಹಳೆಯ ಮಣ್ಣಿಗೆ ಕಾಸಿಲ್ಲ, ಕೂಲಿಯದ್ದೇ ಖರ್ಚು. ಮಕ್ಕಳಿಗೆ ಓದಲು ಕೋಣೆ ಬೇಕೆಂಬ ಆಸೆಯೂ ಸಣ್ಣದಲ್ಲ. ತಲೆ ತಾಗದ ನಡು ಅಂಕಣವನ್ನಷ್ಟೇ ಕೋಣೆ ಮಾಡಿಕೊಳ್ಳಲಿ. ಅಲ್ಲಿ ಹಲಗೆಯ ಒಳಮಾಡು ಹೊಡೆಸುವಾಗ ಹೆಂಚಿಗೂ ಅದಕ್ಕೂ ನಡುವೆ ಎರಡು ಅಂಗುಲ ಬಿಟ್ಟು, ಸೂರಿನ ಬಳಿ ಒಳಬಂದ ಗಾಳಿ ಮಾಡಿನ ನೆತ್ತಿಯ ಬಳಿ ಹೊರಹೋಗುವಂತಿರಲಿ. ಸೂರಿನತ್ತ ತಗ್ಗುವ ಎರಡು ಪಕ್ಕಗಳಲ್ಲಿ ಮನುಷ್ಯರಿಗೆ ನಿಲ್ಲಲು ಎಡೆಯಿಲ್ಲ. ಅಲ್ಲಿನ ಮಣ್ಣು ಇದ್ದಂತೆಯೇ ಇರಲಿ.