ಡೆವ್‌ರೆಸ್

ಲಿನಕ್ಸ್ ಕರ್ನಲ್‌ನಲ್ಲಿ ಡ್ರೈವರ್‌ಗಳು ಪಡೆದುಕೊಂಡ ಮೆಮೊರಿ, ಇಂಟರಪ್ಟ್, ಕ್ಲಾಕ್ ಮೊದಲಾದ ಸಂಪನ್ಮೂಲಗಳನ್ನು ತಾನಾಗಿಯೇ ಹಿಂತಿರುಗಿಸುವ ವ್ಯವಸ್ಥೆ. ತೇಜುನ್ ಹಿಯೋ ರೂಪಿಸಿದ ಇದು 2007ರಲ್ಲಿ, 2.6.21 ಆವೃತ್ತಿಯೊಡನೆ ಕರ್ನಲ್ ಸೇರಿತು.

ಸಾಧನವೊಂದನ್ನು ಸಜ್ಜುಗೊಳಿಸುವ ‘ಪ್ರೋಬ್’ ಫಂಕ್ಷನ್ ಹಲವು ಸಂಪನ್ಮೂಲಗಳನ್ನು ಸಾಲಾಗಿ ಕೇಳುತ್ತದೆ. ಐದನೆಯದು ಸಿಗದಿದ್ದರೆ ಮೊದಲ ನಾಲ್ಕನ್ನೂ ಹಿಮ್ಮುಖ ಕ್ರಮದಲ್ಲಿ ಬಿಡಬೇಕು. ಇದಕ್ಕೆ ‘ಗೋಟು’ಗಳ ಸರಣಿಯನ್ನೇ ಬರೆಯಬೇಕಿತ್ತು. ವಿಫಲವಾದಾಗ ಮಾತ್ರ ಓಡುವ ಈ ಸಾಲುಗಳು ಪರೀಕ್ಷೆಗೆ ಒಳಗಾಗುವುದೇ ಅಪರೂಪ. ದೋಷಗಳು ವರ್ಷಗಟ್ಟಲೆ ಅಡಗಿರುವುದು ಸಹಜ.

ಡೆವ್‌ರೆಸ್ ಪ್ರತಿ ಸಾಧನಕ್ಕೂ ಒಂದು ಪಟ್ಟಿ ಇಡುತ್ತದೆ. ‘ಡೆವ್‌ಎಂ’ ಎಂದು ಆರಂಭವಾಗುವ ಫಂಕ್ಷನ್‌ಗಳು ಪಡೆದ ಸಂಪನ್ಮೂಲದ ಜೊತೆಗೆ ಅದನ್ನು ಬಿಡುಗಡೆ ಮಾಡುವ ಫಂಕ್ಷನ್ನನ್ನೂ ಅಲ್ಲಿ ದಾಖಲಿಸುತ್ತವೆ. ಪ್ರೋಬ್ ಸೋತಾಗ ಅಥವಾ ಡ್ರೈವರ್ ಕಳಚಿದಾಗ ಕರ್ನಲ್ ಪಟ್ಟಿಯನ್ನು ಕೊನೆಯಿಂದ ಬರಿದು ಮಾಡುತ್ತದೆ.

ಇದರ ಮಿತಿ ಆಯುಷ್ಯದ ಲೆಕ್ಕದಲ್ಲಿದೆ. ಬಿಡುಗಡೆ ನಿಗದಿಯಾಗುವುದು ಡ್ರೈವರ್‌ನ ನಂಟಿನಿಂದ, ಬಳಕೆದಾರ ತೆರೆದ ಫೈಲಿನಿಂದಲ್ಲ. ಬಳಕೆಯಲ್ಲಿರುವಾಗಲೇ ಯುಎಸ್‌ಬಿ ಕ್ಯಾಮೆರಾ ಕಿತ್ತರೆ ಡೆವ್‌ಎಂ ಮೆಮೊರಿ ಹೋಗಿಬಿಡುತ್ತದೆ. ಆಮೇಲೆ ಫೈಲ್ ಮುಚ್ಚುವಾಗ ಡ್ರೈವರ್ ಅದನ್ನೇ ಮುಟ್ಟಬಹುದು. ಕೈಯಾರೆ ಬಿಡುವುದನ್ನೂ ಇದನ್ನೂ ಬೆರೆಸುವುದು ಇನ್ನೂ ಅಪಾಯಕರ. ಡ್ರೈವರ್‌ನ ‘ರಿಮೂವ್’ ಫಂಕ್ಷನ್ ಮೊದಲು ಓಡಿ, ಡೆವ್‌ರೆಸ್ ನಂತರ ಬರುವುದರಿಂದ, ಆ ನಡುವೆ ಬಂದ ಇಂಟರಪ್ಟ್ ಆಗಲೇ ಬಿಟ್ಟುಕೊಟ್ಟ ಮೆಮೊರಿಯನ್ನು ಓದೀತು.